ನೀರುಳ್ಳಿ ಬೇರಿನಿಂದ ಕ್ಯಾರಿಯೋಟೈಪ್‌ವರೆಗೆ: ಕೋಶ ವಿಭಜನೆ ಕುರಿತ ಓದುಗರ ಪ್ರಶ್ನೆಗಳು

ಪ್ರಶ್ನೆ: ಪಿಯುಸಿ ಮಕ್ಕಳಿಗೆ ನೀರುಳ್ಳಿ ಬೇರಿನ ತುದಿಯಲ್ಲಿ ಮೈಟಾಸಿಸ್ (ಒಂದು ಕೋಶ ಒಂದೇ ತೆರನ ಎರಡು ಕೋಶಗಳಾಗುವ ವಿಭಜನೆ) ತೋರಿಸುವ ಪ್ರಯೋಗ ಮಾಡಿಸುತ್ತೇವೆ. ಮಳೆಗಾಲದಲ್ಲಿ ಗಡ್ಡೆ ಬೇರು ಬಿಡುವ ಮೊದಲೇ ಕೊಳೆಯುತ್ತದೆ. ಬೇರು ಬಂದರೂ ಸ್ಲೈಡಿನಲ್ಲಿ ಉದ್ದುದ್ದ ಕೋಶಗಳೇ ಕಾಣುತ್ತವೆ, ಇಲ್ಲವೇ ಒಂದರ ಮೇಲೊಂದು ಬಿದ್ದ ಕೆಂಪು ಮುದ್ದೆ. ಎಲ್ಲಿ ತಪ್ಪುತ್ತಿದ್ದೇವೆ?
— ಜೀವಶಾಸ್ತ್ರ ಉಪನ್ಯಾಸಕಿ, ಕುಂದಾಪುರ

ಉತ್ತರ: ನೀವು ಹೇಳಿದ ಮೂರಕ್ಕೂ ಬೇರೆ ಬೇರೆ ಕಾರಣಗಳಿವೆ. ಮೊದಲು ಗಡ್ಡೆ. ಆಟಿ ತಿಂಗಳ ಮಳೆಯ ಹೊತ್ತಿಗೆ ಅಂಗಡಿಗೆ ಬರುವ ನೀರುಳ್ಳಿಯಲ್ಲಿ ತೇವ ತುಂಬಿರುತ್ತದೆ. ಸಿಪ್ಪೆ ಚೆನ್ನಾಗಿ ಒಣಗಿದ, ಗಟ್ಟಿಯಾದ, ಚಿಕ್ಕ ಗಡ್ಡೆಗಳನ್ನೇ ಆರಿಸಿಕೊಳ್ಳಿ. ಬುಡದ ಒಣ ಬೇರುಗಳನ್ನು ಬ್ಲೇಡಿನಿಂದ ಕೆರೆಯಿರಿ, ಆದರೆ ಕೆಳಗಿನ ತಟ್ಟೆಗೆ ಗಾಯವಾಗಬಾರದು, ಹೊಸ ಬೇರು ಹೊರಡುವುದು ಅಲ್ಲಿಂದಲೇ. ಲೋಟದ ಬಾಯಿಯ ಮೇಲೆ ಕೂರಿಸಿದಾಗ ನೀರು ಬುಡಕ್ಕೆ ತಾಗಿದರೆ ಸಾಕು. ಅರ್ಧ ಗಡ್ಡೆ ಮುಳುಗಿದರೆ ಕೊಳೆಯುವುದು ಖಚಿತ. ನೀರನ್ನು ದಿನವೂ ಬದಲಿಸಿ. ಎರಡು ಮೂರು ದಿನಗಳಲ್ಲಿ ಬೇರು 1ರಿಂದ 2 ಸೆಂ.ಮೀ. ಆಗುತ್ತದೆ. ಆಗಲೇ ಕತ್ತರಿಸಿ, ಇನ್ನೂ ಉದ್ದವಾಗಲಿ ಎಂದು ಕಾಯಬೇಡಿ.

ಪ್ರಯೋಗದ ತರಗತಿ ಮಧ್ಯಾಹ್ನ ಇದ್ದರೂ ಬೇರು ಕತ್ತರಿಸುವ ಕೆಲಸ ಬೆಳಿಗ್ಗೆಯೇ ಮುಗಿಯಲಿ. ಕತ್ತರಿಸಿದ ತುದಿಗಳನ್ನು ಕೂಡಲೇ ಸ್ಥಿರೀಕರಣ ದ್ರಾವಣಕ್ಕೆ ಹಾಕಿ: 1 ಭಾಗ ಗ್ಲೇಶಿಯಲ್ ಅಸಿಟಿಕ್ ಆಮ್ಲಕ್ಕೆ 3 ಭಾಗ ಎಥನಾಲ್. ಇದರಲ್ಲಿ ಕೋಶಗಳು ಯಾವ ಹಂತದಲ್ಲಿದ್ದವೋ ಅದೇ ಹಂತದಲ್ಲಿ ನಿಂತುಬಿಡುತ್ತವೆ. 24 ಗಂಟೆ ಕಳೆದ ಮೇಲೆ 70 ಶೇಕಡ ಎಥನಾಲ್‌ಗೆ ಬದಲಿಸಿ ಫ್ರಿಜ್‌ನಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಹೀಗಾಗಿ ಬೇಸಿಗೆಯ ಒಳ್ಳೆಯ ಗಡ್ಡೆಯಲ್ಲೇ ಬೇರು ತೆಗೆದಿಟ್ಟು ಮಳೆಗಾಲಕ್ಕೆ ಬಳಸಬಹುದು. ಸ್ಥಿರೀಕರಣ ದ್ರಾವಣವನ್ನು ಮಾತ್ರ ಆಯಾ ದಿನವೇ ಬೆರೆಸಿ. ಹೋದ ತಿಂಗಳು ಬೆರೆಸಿಟ್ಟ ಬಾಟಲಿಯಲ್ಲಿ ಆಮ್ಲವೂ ಆಲ್ಕೋಹಾಲೂ ಸೇರಿ ಎಸ್ಟರ್ ಆಗಿ ದ್ರಾವಣದ ಶಕ್ತಿ ಕುಂದಿರುತ್ತದೆ.

ಕೆಂಪು ಮುದ್ದೆಗೆ ಕಾರಣ ಆಮ್ಲದ ಹಂತದ ಅವಸರ. ಕೋಶಗಳನ್ನು ಪರಸ್ಪರ ಅಂಟಿಸಿ ಹಿಡಿದಿರುವುದು ಪೆಕ್ಟಿನ್. 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, 5ರಿಂದ 10 ನಿಮಿಷ ಇಟ್ಟರೆ ಅದು ಕರಗುತ್ತದೆ. ಕಡಿಮೆಯಾದರೆ ಕೋಶಗಳು ಬಿಡಿಸಿಕೊಳ್ಳುವುದಿಲ್ಲ. ಹೆಚ್ಚಾದರೆ ತುದಿ ಕರಗಿ ಬಣ್ಣವೂ ಹಿಡಿಯುವುದಿಲ್ಲ. ಈ ಆಮ್ಲ ತಯಾರಿಸಲು ಸುಮಾರು 8.5 ಮಿ.ಲೀ. ಸಾಂದ್ರ ಆಮ್ಲವನ್ನು ನೀರಿಗೆ ಸೇರಿಸಿ 100 ಮಿ.ಲೀ. ಮಾಡಿ. ಆಮ್ಲಕ್ಕೆ ನೀರು ಸುರಿಯುವುದು ಅಪಾಯ.

ಉದ್ದ ಕೋಶಗಳು ಕಾಣುತ್ತಿವೆ ಎಂದರೆ ನೀವು ನೋಡುತ್ತಿರುವುದು ವಿಭಜನೆ ಮುಗಿಸಿ ಉದ್ದವಾಗುತ್ತಿರುವ ಭಾಗವನ್ನು. ವಿಭಜನೆ ನಡೆಯುವುದು ಬೇರಿನ ಟೋಪಿಯ ಹಿಂದಿನ ಒಂದೆರಡು ಮಿ.ಮೀ. ಜಾಗದಲ್ಲಿ ಮಾತ್ರ. ತೊಳೆದ ತುದಿಯನ್ನು ಅಸಿಟೋಕಾರ್ಮಿನ್‌ನಲ್ಲಿ 15–20 ನಿಮಿಷ ಇಟ್ಟರೆ ಆ ಭಾಗವೇ ಹೆಚ್ಚು ಗಾಢವಾಗಿ ಕೆಂಪಾಗುತ್ತದೆ. ಅಷ್ಟನ್ನೇ ಉಳಿಸಿಕೊಂಡು ಮಿಕ್ಕ ಬೇರನ್ನು ಎಸೆಯಿರಿ. ಬಣ್ಣದ ಹನಿಯನ್ನು ತುಕ್ಕು ಹಿಡಿದ ಸೂಜಿಯಿಂದ ಒಮ್ಮೆ ಕದಡಿದರೆ ಕಬ್ಬಿಣದ ಅಂಶ ಸೇರಿ, ತಳಿಗುಣ ಹೊತ್ತ ಎಳೆಗಳಾದ ಕ್ರೋಮೊಸೋಮುಗಳು ಇನ್ನಷ್ಟು ಕಪ್ಪಾಗಿ ಎದ್ದು ಕಾಣುತ್ತವೆ. ಅತಿಯಾದರೆ ಹನಿಯಲ್ಲಿ ಗಸಿ ಕೂರುತ್ತದೆ. ಕವರ್‌ಸ್ಲಿಪ್ ಇಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಯದಂತೆ ಸ್ವಲ್ಪ ಬಿಸಿ ಮಾಡಿ, ಫಿಲ್ಟರ್ ಪೇಪರ್ ಮಡಚಿಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಕವರ್‌ಸ್ಲಿಪ್ ಪಕ್ಕಕ್ಕೆ ಜಾರಿದರೆ ಕೋಶಗಳು ಸುರುಳಿ ಸುತ್ತಿಕೊಂಡು ಸ್ಲೈಡೇ ಹಾಳು.

ಇಷ್ಟೆಲ್ಲ ಸರಿಯಾದರೂ ಹತ್ತರಲ್ಲಿ ಒಂಬತ್ತು ಕೋಶಗಳು ಎರಡು ವಿಭಜನೆಗಳ ನಡುವಿನ ಹಂತವಾದ ಇಂಟರ್‌ಫೇಸ್‌ನಲ್ಲೇ ಇರುತ್ತವೆ, ಅದು ನಿಮ್ಮ ತಪ್ಪಲ್ಲ. ನೀರುಳ್ಳಿ ಬೇರಿನಲ್ಲಿ ಒಂದು ಕೋಶಚಕ್ರಕ್ಕೆ (ಒಂದು ವಿಭಜನೆಯಿಂದ ಮುಂದಿನದರವರೆಗೆ) ಸುಮಾರು 20 ಗಂಟೆ ಬೇಕು, ಅದರಲ್ಲಿ ಮೈಟಾಸಿಸ್ ಪಾಲು ಒಂದೆರಡು ಗಂಟೆಯಷ್ಟೇ. ಮಕ್ಕಳಿಂದ ಎಣಿಸಿಸಿ: ವಿಭಜನೆಯಲ್ಲಿರುವ ಕೋಶಗಳನ್ನು ಒಟ್ಟು ಕೋಶಗಳಿಂದ ಭಾಗಿಸಿ 100ರಿಂದ ಗುಣಿಸಿದರೆ ಮೈಟಾಟಿಕ್ ಸೂಚ್ಯಂಕ. ಯಾವ ಹಂತದ ಕೋಶಗಳು ಹೆಚ್ಚು ಸಿಗುತ್ತವೋ ಆ ಹಂತವೇ ಹೆಚ್ಚು ಹೊತ್ತು ನಡೆಯುತ್ತದೆ ಎಂಬುದು ಅವರಿಗೆ ತಾನಾಗಿ ಹೊಳೆಯುತ್ತದೆ. ಚಿತ್ರ ಬಿಡಿಸುವುದಕ್ಕಿಂತ ಈ ಎಣಿಕೆಯಲ್ಲಿ ಕಲಿಯುವುದು ಹೆಚ್ಚು. ಆದರೆ ನೀರುಳ್ಳಿಯ 16 ಕ್ರೋಮೊಸೋಮುಗಳನ್ನೂ ಎಣಿಸಿ ತೋರಿಸಿ ಎಂದು ಕೇಳಬೇಡಿ. ಅದಕ್ಕೆ ಸ್ಥಿರೀಕರಣಕ್ಕೆ ಮೊದಲೇ ಕಾಲ್ಚಿಸಿನ್‌ನಂಥ ಔಷಧಿಯಿಂದ ಕದಿರೆಳೆಗಳನ್ನು (ಕ್ರೋಮೊಸೋಮುಗಳನ್ನು ಧ್ರುವಗಳತ್ತ ಎಳೆಯುವ ನಾರುಗಳನ್ನು) ಒಡೆದು ಕ್ರೋಮೊಸೋಮುಗಳನ್ನು ಚದುರಿಸಬೇಕಾಗುತ್ತದೆ.

ಪ್ರಶ್ನೆ: ಸಸ್ಯಕೋಶದ ಮೈಟಾಸಿಸ್ ಚಿತ್ರದಲ್ಲಿ ಸೆಂಟ್ರಿಯೋಲ್ ಬಿಡಿಸಿದ್ದಕ್ಕೆ ಮಗಳಿಗೆ ಅಂಕ ಕಳೆದಿದ್ದಾರೆ. ಇದು ಸರಿಯೇ?
— ಓದುಗರು, ಕಾಪು

ಉತ್ತರ: ಸರಿ. ಪ್ರಾಣಿಕೋಶದಲ್ಲಿ ಕದಿರೆಳೆಗಳ ತುದಿಯಲ್ಲಿರುವ ಸೆಂಟ್ರಿಯೋಲ್ ಹೂಬಿಡುವ ಸಸ್ಯಗಳಲ್ಲಿ ಇಲ್ಲ, ಅದಿಲ್ಲದೆಯೇ ಕದಿರೆಳೆಗಳು ರೂಪುಗೊಳ್ಳುತ್ತವೆ. ಕೊನೆಯ ಹಂತವನ್ನೂ ನೋಡಿಕೊಳ್ಳಲಿ: ಪ್ರಾಣಿಕೋಶ ಹೊರಗಿನಿಂದ ಒಳಕ್ಕೆ ಹಿಸುಕಿಕೊಂಡು ಎರಡಾಗುತ್ತದೆ, ಸಸ್ಯಕೋಶದಲ್ಲಿ ನಡುವೆ ಹುಟ್ಟಿದ ಕೋಶಫಲಕ ಹೊರಗೋಡೆಯ ಕಡೆಗೆ ಬೆಳೆಯುತ್ತದೆ.

ಪ್ರಶ್ನೆ: ತೋಟದಲ್ಲಿ ನೇಂದ್ರ ಮತ್ತು ಜಿ-9 ಬಾಳೆ ಇವೆ. ಘಟ್ಟದ ಕಾಡುಬಾಳೆಯಲ್ಲಿ ಬೀಜ ತುಂಬಿರುತ್ತದೆ, ಇವುಗಳಲ್ಲಿ ಯಾಕಿಲ್ಲ? ಬೀಜವಿಲ್ಲದ ಕಲ್ಲಂಗಡಿಯೂ ಇದೇ ಬಗೆಯದೇ?
— ಕೃಷಿಕರು, ಬೆಳ್ತಂಗಡಿ

ಉತ್ತರ: ಕಾಡುಬಾಳೆಯ ಕೋಶದಲ್ಲಿ 11 ಕ್ರೋಮೊಸೋಮುಗಳ ಎರಡು ಗುಂಪು, ಒಟ್ಟು 22. ನೇಂದ್ರ, ಜಿ-9 ಎರಡರಲ್ಲೂ ಮೂರು ಗುಂಪು, ಒಟ್ಟು 33. ಪರಾಗ, ಅಂಡ ಹುಟ್ಟುವಾಗ ನಡೆಯುವ ವಿಭಜನೆಯಾದ ಮಿಯಾಸಿಸ್‌ನಲ್ಲಿ ಒಂದೇ ಬಗೆಯ ಕ್ರೋಮೊಸೋಮುಗಳು ಇಬ್ಬಿಬ್ಬರಾಗಿ ಜೋಡಿಯಾಗಿ ಬೇರ್ಪಡಬೇಕು. ಮೂವರಿದ್ದಲ್ಲಿ ಒಂದು ಧ್ರುವಕ್ಕೆ ಎರಡು, ಇನ್ನೊಂದಕ್ಕೆ ಒಂದು ಹೋಗುತ್ತವೆ, ಅದೂ ಹನ್ನೊಂದು ಬಗೆಗಳಲ್ಲಿ ಪ್ರತಿಯೊಂದೂ ತನ್ನ ಪಾಡಿಗೆ. ಎಲ್ಲ ಹನ್ನೊಂದೂ ಒಂದೇ ಲೆಕ್ಕದಲ್ಲಿ ಹಂಚಿಕೆಯಾಗುವ ಸಾಧ್ಯತೆ 1,024ರಲ್ಲಿ ಒಂದು ಮಾತ್ರ. ಉಳಿದ ಪರಾಗ, ಅಂಡಗಳಲ್ಲಿ ಲೆಕ್ಕ ತಪ್ಪಿರುತ್ತದೆ, ಬೀಜ ಕಟ್ಟುವುದಿಲ್ಲ. ಪರಾಗಸ್ಪರ್ಶವಿಲ್ಲದೆಯೇ ಕಾಯಿ ದಪ್ಪವಾಗುವ ಗುಣ ಬಾಳೆಗೆ ಪ್ರತ್ಯೇಕವಾಗಿ ಬಂದಿದೆ, ಆದ್ದರಿಂದ ನಮಗೆ ಹಣ್ಣು ಸಿಗುತ್ತದೆ. ಏಲಕ್ಕಿ ಬಾಳೆಯಲ್ಲಿ 22 ಮಾತ್ರ ಇದ್ದೂ ಬೀಜವಿಲ್ಲ. ಅದು ಎರಡು ಬೇರೆ ಜಾತಿಗಳ ಬೆರಕೆ, ಆದ್ದರಿಂದ ಜೋಡಿ ಸರಿಯಾಗಿ ಕೂಡಿಬರುವುದಿಲ್ಲ.

ಕಂದು ನೆಟ್ಟರೂ ಅಂಗಾಂಶ ಕೃಷಿಯ ಸಸಿ ತಂದರೂ ನಡೆಯುವುದು ಬರೀ ಮೈಟಾಸಿಸ್, ಹಾಗಾಗಿ ತೋಟದ ಗಿಡಗಳೆಲ್ಲ ಒಂದೇ ತಳಿಗುಣದವು. ಗೊನೆ ಒಟ್ಟಿಗೆ ಬರುವುದು ಇದರ ಲಾಭ. ಆದರೆ ಸೊರಗು ರೋಗಕ್ಕೆ ಒಂದು ಗಿಡ ಸೋತರೆ ಎಲ್ಲವೂ ಸೋಲುತ್ತವೆ. ಅದಕ್ಕೇ ಇಡೀ ತೋಟಕ್ಕೆ ಒಂದೇ ತಳಿ ಬೇಡ ಎನ್ನುತ್ತೇವೆ.

ಬೀಜರಹಿತ ಕಲ್ಲಂಗಡಿಯಲ್ಲೂ ಇರುವುದು 33 ಕ್ರೋಮೊಸೋಮುಗಳೇ. ಕಾಲ್ಚಿಸಿನ್‌ನಿಂದ ಇಮ್ಮಡಿಸಿದ 44ರ ಗಿಡಕ್ಕೆ ಸಾಮಾನ್ಯ 22ರ ಗಿಡದ ಪರಾಗ ಕೊಟ್ಟು ಅದರ ಬೀಜ ಪಡೆಯುತ್ತಾರೆ. ಒಂದು ವ್ಯತ್ಯಾಸವಿದೆ: ಇಲ್ಲಿ ಪರಾಗ ಬೀಳದೆ ಕಾಯಿ ನಿಲ್ಲುವುದಿಲ್ಲ. ಪ್ರತಿ ಎರಡು ಮೂರು ಸಾಲಿಗೆ ಬೀಜವಿರುವ ಸಾಮಾನ್ಯ ಕಲ್ಲಂಗಡಿಯ ಒಂದು ಸಾಲು ಹಾಕಿ. ಹೂವಿನ ಕಾಲದಲ್ಲಿ ಬೆಳಗಿನ ಹೊತ್ತು ಕೀಟನಾಶಕ ಹೊಡೆಯಬೇಡಿ, ಜೇನು ಬಾರದಿದ್ದರೆ ಬೆಳೆಯಿಲ್ಲ.

ಪ್ರಶ್ನೆ: ತಂಗಿಯ ಎಳೆ ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದೆಂದು ಕ್ಯಾರಿಯೋಟೈಪ್ (ಕೋಶದ ಕ್ರೋಮೊಸೋಮುಗಳನ್ನು ಎಣಿಸಿ ನೋಡುವ) ಪರೀಕ್ಷೆಗೆ ಬರೆದಿದ್ದಾರೆ. ಮೊದಲ ಮಾದರಿ ನಡೆಯುವುದಿಲ್ಲವೆಂದು ಮತ್ತೆ ರಕ್ತ ತೆಗೆದರು, ವರದಿಗೆ ಎರಡು ವಾರ ಎನ್ನುತ್ತಾರೆ. ಯಾಕಿಷ್ಟು ತಡ? ಬಸುರಿಯಾಗಿದ್ದಾಗ ಪಪ್ಪಾಯಿ ತಿಂದದ್ದು, ಗ್ರಹಣದ ದಿನ ಹೊರಗೆ ಬಂದದ್ದು ಕಾರಣ ಎಂದು ಮನೆಯಲ್ಲಿ ಮಾತು ಬರುತ್ತಿದೆ.
— ಓದುಗರು, ಸುರತ್ಕಲ್

ಉತ್ತರ: ಕೊನೆಯ ಮಾತಿಗೆ ಮೊದಲ ಉತ್ತರ: ಪಪ್ಪಾಯಿಯೂ ಕಾರಣವಲ್ಲ, ಗ್ರಹಣವೂ ಅಲ್ಲ. ಹೆಣ್ಣಿನ ಅಂಡಕೋಶಗಳ ಮಿಯಾಸಿಸ್ ಆಕೆ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಶುರುವಾಗಿ, ಆರಂಭದ ಹಂತವಾದ ಮೊದಲ ಪ್ರೋಫೇಸ್‌ನಲ್ಲಿ ನಿಂತಿರುತ್ತದೆ. ಆಯಾ ಅಂಡ ಬಿಡುಗಡೆಯಾಗುವ ಹೊತ್ತಿಗಷ್ಟೇ ಅದು ಮುಂದುವರಿಯುವುದು, ಅಂದರೆ ಹದಿನೈದು, ಮೂವತ್ತು, ನಲವತ್ತು ವರ್ಷಗಳ ಕಾಯುವಿಕೆ. ಕ್ರೋಮೊಸೋಮುಗಳನ್ನು ಹಿಡಿದಿಡುವ ಪ್ರೋಟೀನುಗಳು ಈ ಅವಧಿಯಲ್ಲಿ ಸಡಿಲವಾಗಿ 21ನೆಯ ಜೋಡಿ ಬೇರ್ಪಡದೆ ಉಳಿಯಬಹುದು. ಆಗ ಮಗುವಿನಲ್ಲಿ 21ನೆಯ ಕ್ರೋಮೊಸೋಮ್ ಎರಡರ ಬದಲು ಮೂರಾಗುತ್ತದೆ, ಅದೇ ಡೌನ್ ಸಿಂಡ್ರೋಮ್. ತಾಯಿಗೆ 25 ವರ್ಷವಿದ್ದಾಗ ಇದರ ಸಾಧ್ಯತೆ ಸುಮಾರು 1,200ರಲ್ಲಿ ಒಂದು, 35ಕ್ಕೆ 350ರಲ್ಲಿ ಒಂದು, 40ಕ್ಕೆ 100ರಲ್ಲಿ ಒಂದು. ಗರ್ಭ ನಿಲ್ಲುವ ಮೊದಲೇ ಆಗಿಹೋಗುವ ಇದಕ್ಕೆ ನಿಮ್ಮ ತಂಗಿಯನ್ನು ಯಾರೂ ದೂರಬಾರದು. ಈ ಮಾತನ್ನು ಹಿರಿಯರಿಗೆ ಓದಿ ಹೇಳಿ.

ಇನ್ನು ತಡದ ವಿಷಯ. ಸಕ್ಕರೆ ಅಳೆಯಲು ಕೋಶಗಳು ಬದುಕಿರಬೇಕೆಂದಿಲ್ಲ, ಕ್ರೋಮೊಸೋಮ್ ನೋಡಲು ಬದುಕಿರಬೇಕು, ಜೊತೆಗೆ ವಿಭಜಿಸುತ್ತಿರಬೇಕು. ರಕ್ತದ ಬಿಳಿಕೋಶಗಳಾದ ಲಿಂಫೋಸೈಟುಗಳು ಕೋಶಚಕ್ರದಿಂದ ಹೊರಗೆ ವಿಶ್ರಾಂತಿಯಲ್ಲಿರುತ್ತವೆ. ರಾಜ್ಮಾ ಕಾಳಿನಿಂದ ತೆಗೆಯುವ ಫೈಟೋಹೀಮಗ್ಲುಟಿನಿನ್ ಹಾಕಿ, 37 ಡಿಗ್ರಿಯಲ್ಲಿ ಸುಮಾರು 72 ಗಂಟೆ ಬೆಳೆಸಿದರೆ ಅವು ಚಕ್ರಕ್ಕೆ ಮರಳುತ್ತವೆ. ಕೊನೆಯಲ್ಲಿ ಕಾಲ್ಚಿಸಿನ್ ಬಗೆಯ ಔಷಧಿಯಿಂದ, ಕ್ರೋಮೊಸೋಮುಗಳು ಸ್ಪಷ್ಟವಾಗಿ ಕಾಣುವ ಹಂತವಾದ ಮೆಟಾಫೇಸ್‌ನಲ್ಲಿ ತಡೆಯುತ್ತಾರೆ. ಮಳೆಗಾಲದಲ್ಲಿ ನಮ್ಮ ಬೇಲಿಗಳ ಮೇಲೆ ಕೆಂಪು-ಹಳದಿಯಾಗಿ ಅರಳುವ ಅಗ್ನಿಶಿಖೆಯ ಗಡ್ಡೆ ವಿಷವಾಗಿರುವುದು ಇದೇ ಕಾಲ್ಚಿಸಿನ್‌ನಿಂದ. ಆಮೇಲೆ 0.075 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಕೋಶಗಳನ್ನು ಉಬ್ಬಿಸಿ, ಸ್ಲೈಡಿನ ಮೇಲೆ ಹರಡಿ, ಗೀಮ್ಸಾ ಬಣ್ಣದಿಂದ ಪಟ್ಟಿಗಳನ್ನು ಮೂಡಿಸಿ, ಸಾಮಾನ್ಯವಾಗಿ 20 ಕೋಶಗಳನ್ನು ಒಂದೊಂದಾಗಿ ಪರಿಶೀಲಿಸುತ್ತಾರೆ. ಇದಕ್ಕೇ ದಿನಗಳು ಬೇಕು.

ಮಾದರಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಹಸಿರು ಮುಚ್ಚಳದ ಕೊಳವೆಯಲ್ಲಿರಬೇಕು. ಮಾಮೂಲಿ ರಕ್ತಪರೀಕ್ಷೆಯ ನೇರಳೆ ಮುಚ್ಚಳದ್ದರಲ್ಲಿ ಇಡಿಟಿಎ ಎಂಬ ರಾಸಾಯನಿಕ ಇದ್ದು ಕೋಶಗಳು ಸರಿಯಾಗಿ ಬೆಳೆಯುವುದಿಲ್ಲ. ರಕ್ತ ಹೆಪ್ಪುಗಟ್ಟಿದರೆ, ಮಂಜುಗಡ್ಡೆಯಾದರೆ, ತಡವಾಗಿ ತಲುಪಿದರೆ ಕೂಡ ಮತ್ತೆ ಕೇಳುತ್ತಾರೆ.

ವರದಿ ಬಂದಾಗ, ಮಾಮೂಲಿ 46ರ ಬದಲು 47 ಎಂಬ ಸಂಖ್ಯೆಯನ್ನಷ್ಟೇ ನೋಡಬೇಡಿ. ಹೆಚ್ಚಿನ 21 ಬಿಡಿಯಾಗಿದೆಯೇ ಅಥವಾ ಬೇರೊಂದು ಕ್ರೋಮೊಸೋಮಿಗೆ ಅಂಟಿಕೊಂಡಿದೆಯೇ ಎಂದು ತಳಿವೈದ್ಯರಿಂದ ಕೇಳಿ ತಿಳಿಯಿರಿ. ಅಂಟಿಕೊಂಡಿದ್ದರೆ ಮುಂದಿನ ಗರ್ಭಕ್ಕೆ ಮೊದಲು ತಂದೆ ತಾಯಿ ಇಬ್ಬರದ್ದೂ ಪರೀಕ್ಷೆ ಆಗಬೇಕು. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷ ಇರುತ್ತದೆ. ಎಕೋ ಮತ್ತು ಥೈರಾಯ್ಡ್ ಪರೀಕ್ಷೆಗೆ ವರದಿಯ ದಾರಿ ಕಾಯಬೇಡಿ, ಈ ವಾರವೇ ಮಾಡಿಸಿ.