ಸೈಕಲ್ ಓಡ್ತಿಲ್ಲ, ಬೇರೆ ತಗೊಳ್ಳಲಾ?

ಪ್ರಶ್ನೆ: ನನಗೆ 41 ವರ್ಷ. ಹೊಟ್ಟೆ ಕರಗಿಸೋಣ ಅಂತ ಆರು ತಿಂಗಳಿಂದ ದಿನಾ ಬೆಳಿಗ್ಗೆ ಸೈಕಲ್ ತುಳಿಯುತ್ತಿದ್ದೇನೆ. ನನ್ನದು ದಪ್ಪ ಟೈರಿನ, ಮುಂದೆ ಸಸ್ಪೆನ್ಷನ್ ಇರುವ ಎಂಟಿಬಿ, ಅಂದರೆ ಮೌಂಟನ್ ಬೈಕ್. ಎಷ್ಟು ಒದ್ದಾಡಿದರೂ ಗಂಟೆಗೆ 16 ಕಿ.ಮೀ. ದಾಟುವುದಿಲ್ಲ. ಸಣ್ಣ ಟೈರಿನವರು ಮಾತಾಡಿಕೊಂಡೇ ನನ್ನನ್ನು ಹಿಂದೆ ಹಾಕುತ್ತಾರೆ. ಅಂಗಡಿಯವರು ಬಗ್ಗಿದ ಹ್ಯಾಂಡಲಿನ ರೋಡ್ ಬೈಕ್ ತಗೊಳ್ಳಿ ಅಂತಾರೆ, ಗೆಳೆಯ ಇವೆರಡರ ನಡುವಿನ ಹೈಬ್ರಿಡ್ ಅಂತಾನೆ. ನನಗೆ ಆಗಾಗ ಸೊಂಟ ಹಿಡಿದುಕೊಳ್ಳುತ್ತದೆ. ಯಾವುದು ತಗೊಳ್ಳಲಿ?

ಉತ್ತರ: ಇವತ್ತೇ ಯಾವುದೂ ಬೇಡ. ಮೊದಲು ಇರುವ ಸೈಕಲ್ಲಿಗೇ ಒಂದಿಷ್ಟು ರಿಪೇರಿ ಮಾಡಿಸಿ ನೋಡೋಣ, ಯಾಕೆಂದರೆ ನಿಮ್ಮ ಕಾಲಿನ ಶಕ್ತಿ ಎಲ್ಲಿ ಸೋರಿ ಹೋಗುತ್ತಿದೆ ಅಂತ ಗೊತ್ತಾಗದೆ ಹೊಸದು ತಂದರೆ ಅದರಲ್ಲೂ ಇದೇ ಕಥೆ ಆಗಬಹುದು.

ಸಪಾಟು ರಸ್ತೆಯಲ್ಲಿ ನಿಮ್ಮನ್ನು ಹಿಂದಕ್ಕೆ ಎಳೆಯುವುದು ಮುಖ್ಯವಾಗಿ ಎರಡು, ಟೈರು ಮತ್ತು ಗಾಳಿ. ಗಂಟೆಗೆ 16 ಕಿ.ಮೀ. ವೇಗದಲ್ಲಿ ಗಾಳಿ ಇನ್ನೂ ಅಂಥಾ ಶತ್ರು ಅಲ್ಲ. ಗುಬಟುಗುಬಟಾದ ದಪ್ಪ ಟೈರೇ ಜಾಸ್ತಿ ತಿನ್ನುತ್ತದೆ, ಅದರಲ್ಲೂ ಟೈರಿನೊಳಗೆ ಗಾಳಿ ಕಮ್ಮಿ ಇದ್ದರೆ ಕೇಳಲೇಬೇಡಿ. ಹಾಗಾಗಿ ನಿಮ್ಮ ರಿಮ್ಮಿಗೆ ಹೊಂದುವ, ಮೈ ನುಣ್ಣಗಿರುವ ಸ್ಲಿಕ್ ಟೈರ್ ಹಾಕಿಸಿ. ಒಂದೂವರೆ ಇಂಚಿನ ಆಸುಪಾಸಿನದು ಸಾಕು. ಟೈರಿನ ಪಕ್ಕದಲ್ಲಿ ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂತ ಬರೆದಿರುತ್ತದೆ, ಆ ಮಿತಿಯೊಳಗೆ ಗಟ್ಟಿಯಾಗಿ ಗಾಳಿ ಹೊಡೆಯಿರಿ, ವಾರಕ್ಕೊಮ್ಮೆ ನೋಡಿಕೊಳ್ಳಿ. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಮೇಲೆ ಲಾಕ್ ಮಾಡುವ ತಿರುಪು ಇದ್ದರೆ ಟಾರ್ ರಸ್ತೆಯಲ್ಲಿ ಲಾಕ್ ಮಾಡಿಬಿಡಿ, ಇಲ್ಲದಿದ್ದರೆ ನೀವು ಎದ್ದು ತುಳಿದಾಗಲೆಲ್ಲ ಅದು ಕುಣಿಯುತ್ತಾ ಕೂರುತ್ತದೆ.

ಇನ್ನು ಸೀಟು. ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ನಾನೇ ಒಂದು ವರ್ಷ ಮಾಡಿದ ತಪ್ಪು ಇದು. ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಊರಬೇಕು ಅಂತ ಸೀಟನ್ನು ಕೆಳಗಿಟ್ಟುಕೊಂಡಿದ್ದೆ. ಮಂಡಿ ನೋವು ಬಂತು, ವೇಗ ಬರಲಿಲ್ಲ. ವಯಸ್ಸಾಯಿತು ಅಂದುಕೊಂಡು ಸುಮ್ಮನಿದ್ದೆ! ಸರಿಯಾದ ಎತ್ತರ ಹೀಗೆ ನೋಡಿ: ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಸೊಂಟ ಒಂದು ಕಡೆ ವಾಲಬಾರದು. ತುಳಿಯುವುದು ಮುಂಗಾಲಿನಿಂದ ಅಲ್ವಾ, ಆಗ ಮಂಡಿ ತಾನಾಗಿ ಸ್ವಲ್ಪ ಮಡಚಿರುತ್ತದೆ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿಯುವುದನ್ನು ರೂಢಿ ಮಾಡಿಕೊಂಡರೆ ಆಯಿತು.

ಇಷ್ಟು ಮಾಡಿ ಒಂದು ತಿಂಗಳು ಓಡಿಸಿ. ಆಮೇಲೂ ಹೊಸದು ಬೇಕು ಅನಿಸಿದರೆ ನನ್ನ ಓಟು ಹೈಬ್ರಿಡ್‌ಗೆ. ಆದರೆ ಎಲ್ಲ ಹೈಬ್ರಿಡ್‌ಗೂ ಅಲ್ಲ. ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕ್, 700ಸಿ ಅಳತೆಯ (ರೋಡ್ ಬೈಕಿನಷ್ಟೇ ದೊಡ್ಡ) ಚಕ್ರ, 32ರಿಂದ 38 ಮಿ.ಮೀ. ಟೈರ್ ಇರಬೇಕು. ಸಸ್ಪೆನ್ಷನ್ ಇರುವ ಹೈಬ್ರಿಡ್ಡೂ ಸಿಗುತ್ತದೆ. ಅದು ನೀವು ಬಿಡಬೇಕು ಅಂತಿರುವ ಸೈಕಲ್ಲಿನ ತಮ್ಮನೇ.

ಹಾಗಾದರೆ ರೋಡ್ ಬೈಕ್ ಯಾರಿಗೆ? ಗಾಳಿಯ ಲೆಕ್ಕ ಇಲ್ಲಿ ಬರುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ದಾಟಲು ಬೇಕಾದ ಕಸುವು ಎಂಟು ಪಟ್ಟು. ಗಂಟೆಗೆ 30 ಕಿ.ಮೀ. ಹತ್ತಿರ ಹೋದಾಗ ನಿಮ್ಮ ದುಡಿಮೆಯ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ, ಆ ಗಾಳಿಗೆ ಅಡ್ಡ ನಿಂತಿರುವುದು ಸೈಕಲ್‌ಗಿಂತ ಜಾಸ್ತಿ ನಿಮ್ಮ ಎದೆ, ಭುಜ. ಅದಕ್ಕೇ ರೋಡ್ ಬೈಕಿನವರು ಬಗ್ಗುವುದು. ದಿನಕ್ಕೆ 40 ಕಿ.ಮೀ.ಗಿಂತ ಜಾಸ್ತಿ ಹೋಗುವ ಆಸೆ ಇದ್ದರೆ ಬಗ್ಗಿದ ಹ್ಯಾಂಡಲ್ ನಿಜಕ್ಕೂ ಒಳ್ಳೆಯದು, ಕೈಯನ್ನು ಮೂರು ಜಾಗದಲ್ಲಿ ಬದಲಿಸಿ ಹಿಡಿಯಬಹುದು. ಸೊಂಟಕ್ಕೆ ಹೆದರುವವರು ಎಂಡ್ಯೂರೆನ್ಸ್ ಮಾದರಿ ಕೇಳಿ, ಅದರಲ್ಲಿ ಹ್ಯಾಂಡಲ್ ಸ್ವಲ್ಪ ಎತ್ತರ, ಸ್ವಲ್ಪ ಹತ್ತಿರ. ಈಗ ಹೈಬ್ರಿಡ್ ತಗೊಂಡು ಮುಂದೆ ಹ್ಯಾಂಡಲ್ ಮಾತ್ರ ಬದಲಿಸೋಣ ಅನ್ನುವ ಉಪಾಯ ಬೇಡ. ಬ್ರೇಕಿನ ಹಿಡಿ, ಗೇರಿನ ಹಿಡಿ ಎಲ್ಲವನ್ನೂ ಬದಲಿಸಬೇಕಾಗುತ್ತದೆ.

ಸೊಂಟ ನೋಯುವುದು ಬಗ್ಗಿದ್ದಕ್ಕಿಂತ ಜಾಸ್ತಿ ಅಳತೆ ತಪ್ಪಿದ್ದಕ್ಕೆ. ಫ್ರೇಮ್ ಉದ್ದವಾದರೆ ನೀವು ಹ್ಯಾಂಡಲಿಗೆ ಜೋತುಬಿದ್ದ ಹಾಗೆ ಇರುತ್ತೀರಿ. ಕೂತು ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು, ಕಾಲು ಅಗಲಿಸಿ ನಿಂತಾಗ ಮೇಲಿನ ಕಂಬಿ ತಾಗಬಾರದು. ಅಂಗಡಿಯಲ್ಲಿ ನಿಮ್ಮ ಅಳತೆ ಇಲ್ಲದಿದ್ದರೆ ‘ಇದೇ ಆಗುತ್ತೆ ಸರ್’ ಅಂತಾರೆ. ಆಗಲ್ಲ. ಅರ್ಧ ಗಂಟೆ ಓಡಿಸಲು ಬಿಡಿ ಅಂತ ಕೇಳಿ. ಸೊಂಟ ಹಿಡಿದುಕೊಂಡಾಗ ನೋವು ಕಾಲಿಗೆ ಇಳಿಯುತ್ತಿದ್ದರೆ ಸೈಕಲ್ ವಿಷಯ ಆಮೇಲೆ, ಮೊದಲು ಡಾಕ್ಟರು.

ತೂಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 70 ಕೆ.ಜಿ. ಮನುಷ್ಯ, 14 ಕೆ.ಜಿ. ಸೈಕಲ್ ಅಂದುಕೊಳ್ಳಿ. ಸೈಕಲ್‌ನಲ್ಲಿ 3 ಕೆ.ಜಿ. ಕಮ್ಮಿಯಾದರೆ ಒಟ್ಟು ಭಾರದಲ್ಲಿ ಕಮ್ಮಿಯಾಗುವುದು ನೂರಕ್ಕೆ ನಾಲ್ಕೂ ಇಲ್ಲ. ಏರಿನಲ್ಲಿ ಅಷ್ಟೋ ಇಷ್ಟೋ ಗೊತ್ತಾಗುತ್ತದೆ. (ರೇಸಿನವರಿಗೇ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರಬಾರದು ಅಂತ ಸೈಕಲ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ನಿಯಮ ಇದೆ!) 21 ಗೇರ್, 24 ಗೇರ್ ಅನ್ನುವ ಲೆಕ್ಕವೂ ಬೇಡ. ಏರಿನಲ್ಲಿ ಹಗುರಾಗಿ ತುಳಿಯುವಂಥ ಒಂದು ಗೇರ್ ಇದ್ದರೆ ಸಾಕು. ಸಪಾಟಿನಲ್ಲೂ ಭಾರದ ಗೇರ್ ಹಾಕಿ ಒದೆಯುವ ಬದಲು ನಿಮಿಷಕ್ಕೆ 80ರ ಆಸುಪಾಸು ಸುತ್ತು ಬರುವಂತೆ ತುಳಿಯಿರಿ.

ಒಂದು ಮಾತು ಅಂಗಡಿಯವರು ಹೇಳಲ್ಲ. ಹೊಟ್ಟೆ ಕರಗಿಸಲು ಜೋರಾಗಿ ಓಡುವ ಸೈಕಲ್ಲೇ ಬೇಕು ಅಂತೇನಿಲ್ಲ. ನಿಮ್ಮ ಎದೆಬಡಿತಕ್ಕೆ ಮೀಟರಿನಲ್ಲಿ 16 ಇದೆಯಾ 24 ಇದೆಯಾ ಅಂತ ಗೊತ್ತಾಗಲ್ಲ, ಒಂದು ಗಂಟೆ ಅಷ್ಟೇ ಜೋರಾಗಿ ತುಳಿದರೆ ಎರಡರಲ್ಲೂ ಬೆವರು ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ ಅನ್ನುತ್ತದೆ, ಅದು ನಿಮ್ಮ ಎಂಟಿಬಿಯಲ್ಲೂ ಆಗುತ್ತದೆ. ಆದರೆ ಸೈಕಲ್ ಸಲೀಸಾಗಿ ಓಡಿದರೆ ದೂರ ಹೋಗೋಣ ಅನಿಸುತ್ತದೆ, ಬೆಳಿಗ್ಗೆ ಏಳುವುದಕ್ಕೆ ಮನಸ್ಸಾಗುತ್ತದೆ. ಆ ಕಾರಣಕ್ಕೆ ತಗೊಂಡರೆ ನನ್ನ ತಕರಾರಿಲ್ಲ.

ಪ್ರಶ್ನೆ: ಹಳೇ ರೋಡ್ ಬೈಕ್ ತಗೋಬಹುದಾ?

ಉತ್ತರ: ಅಲ್ಯೂಮಿನಿಯಂ ಅಥವಾ ಸ್ಟೀಲ್ ಆದರೆ, ಅಳತೆ ನಿಮ್ಮದೇ ಆದರೆ, ಧಾರಾಳವಾಗಿ. ಫ್ರೇಮಿನ ಬೆಸುಗೆಯ ಹತ್ತಿರ ಬಿರುಕಿದೆಯಾ ನೋಡಿ, ಚಕ್ರ ಎತ್ತಿ ತಿರುಗಿಸಿ ಓಲಾಡುತ್ತದೆಯಾ ನೋಡಿ. ಚೈನು, ಟೈರು, ಬ್ರೇಕ್ ರಬ್ಬರು ಸವೆದಿದ್ದರೆ ಚೌಕಾಸಿ ಮಾಡಿ, ಅವು ಬದಲಿಸುವ ಸಾಮಾನೇ. ಕಾರ್ಬನ್ ಫ್ರೇಮ್ ಮಾತ್ರ ಗುರುತಿಲ್ಲದವರಿಂದ ಬೇಡ, ಬಿದ್ದ ಪೆಟ್ಟು ಒಳಗಿದ್ದರೆ ಹೊರಗೆ ಕಾಣಿಸುವುದಿಲ್ಲ.