ತೀರ್ಥಹಳ್ಳಿಯಿಂದ ಲಂಡನ್‌ಗೆ ಎಷ್ಟು ಹೊತ್ತು?

ಲಂಡನ್‌ನಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡುತ್ತೇನೆ ಅಂತ ಬರೆದಿದ್ದೀರಿ. ತುಂಬಾ ಖುಷಿಯಾಯಿತು. ನಾನೂ ತೀರ್ಥಹಳ್ಳಿ ಕಡೆಯವನೇ, ಇಲ್ಲಿಗೆ ಬಂದು ಹದಿನಾಲ್ಕು ವರ್ಷ. "ನೆಟ್‌ನಲ್ಲಿ ಬೆಂಗಳೂರಿಂದ ಎಂಟು ಸಾವಿರ ಕಿಲೋಮೀಟರ್, ಹತ್ತು ಗಂಟೆ ಅಂತಿದೆ. ಅರ್ಧ ದಿನದಲ್ಲಿ ಮನೆಗೆ ಬರಬಹುದು ಅಂತ ಅಮ್ಮನಿಗೆ ಹೇಳಲಾ?" ಅಂತ ಕೇಳಿದ್ದೀರಿ. ಹಾಗೆ ಹೇಳಬೇಡಿ.

ಆ ಲೆಕ್ಕ ಸುಳ್ಳಲ್ಲ, ಆದರೆ ಅದು ವಿಮಾನದ್ದು ಮಾತ್ರ. ಹೋಗುವಾಗ ಎದುರುಗಾಳಿ, ಹತ್ತೂವರೆ ಗಂಟೆ ದಾಟುತ್ತದೆ. ಬರುವಾಗ ಗಾಳಿ ಬೆನ್ನಿಗಿರುತ್ತದೆ, ಸ್ವಲ್ಪ ಬೇಗ. ಟಿಕೆಟ್‌ನಲ್ಲಿ ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 1ಕ್ಕೆ ತಲುಪುತ್ತದೆ ಅಂತ ಕಂಡರೆ ಆರೇ ಗಂಟೆ ಅಂದುಕೊಳ್ಳಬೇಡಿ. ಹೊರಡುವುದು ನಮ್ಮ ಗಡಿಯಾರ, ಇಳಿಯುವುದು ಅವರ ಗಡಿಯಾರ. ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ.

ಈಗ ಮನೆಯಿಂದ ಲೆಕ್ಕ ಹಾಕಿ. ತೀರ್ಥಹಳ್ಳಿಗೆ ರೈಲಿಲ್ಲ. ಕಾರಿನಲ್ಲಿ ಶಿವಮೊಗ್ಗ, ಕಡೂರು, ತುಮಕೂರು ದಾಟಿ ದೇವನಹಳ್ಳಿ ಅಂದರೆ ಎಂಟು ಗಂಟೆ ಇಟ್ಟುಕೊಳ್ಳಿ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಿ, ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ. ವಿಮಾನಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಬೇಕು. ಹೀಥ್ರೂನಲ್ಲಿ ಇಳಿದು ಇಮಿಗ್ರೇಷನ್, ಲಗೇಜು, ಟ್ರೈನು ಸೇರಿ ಇನ್ನೂ ಮೂರು ಗಂಟೆ. ಒಟ್ಟು ಒಂದು ದಿನ ಪೂರ್ತಿ ಹಿಡಿಯುತ್ತದೆ.

ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇದೆಯಲ್ವಾ ಅಂತ ಕೇಳಬಹುದು. ನಮ್ಮೂರಿಗೆ ಬಂತಲ್ಲ ಅಂತ ನನಗೂ ಹೆಮ್ಮೆ. ಆದರೆ ಬೆಂಗಳೂರಿಂದ ಅಲ್ಲಿಗೆ ಹೋಗುವ ವಿಮಾನದ ಟಿಕೆಟನ್ನು ಬೇರೆಯಾಗಿ ಕೊಂಡರೆ ಎಚ್ಚರ. ಕಳೆದ ಬಾರಿ ಅಪ್ಪಯ್ಯ ಆಸ್ಪತ್ರೆ ಸೇರಿದ್ದಾರೆ ಅಂತ ಫೋನ್ ಬಂತು. ಸಿಕ್ಕಿದ ವಿಮಾನ ಹಿಡಿದು ಬೆಂಗಳೂರಿಗೆ ಬಂದೆ. ಆಷಾಢದ ಮಳೆ, ಶಿವಮೊಗ್ಗದಲ್ಲಿ ಮೋಡ ಕವಿದು ಸಣ್ಣ ವಿಮಾನ ರದ್ದಾಯಿತು. ಐದು ಗಂಟೆ ಕಾದು, ಕೊನೆಗೆ ಟ್ಯಾಕ್ಸಿ ಮಾಡಿದೆ. ರಾತ್ರಿ ಹನ್ನೊಂದಕ್ಕೆ ಅಮ್ಮ ಕಂಬಳಿಕೊಪ್ಪೆ ಹಾಕಿಕೊಂಡು, ಟಾರ್ಚ್ ಹಿಡಿದು ಬೇಲಿ ಬಾಗಿಲ ದಣಪೆ ಹತ್ತಿರ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕೈ ತಣ್ಣಗಾಗಿತ್ತು. ಅಪ್ಪಯ್ಯ ಹುಷಾರಾದರು. ಆದರೆ "ಮಧ್ಯಾಹ್ನಕ್ಕೆ ಬರ್ತೀನಿ" ಅಂತ ನಾನು ಹೇಳಿದ್ದೇ ತಪ್ಪು ಅಂತ ಇವತ್ತಿಗೂ ಅನ್ನಿಸುತ್ತದೆ.

ಅದಕ್ಕೇ ಹೇಳುವುದು, ದುಬೈಯೋ ದೋಹಾವೋ ಬಳಸಿ ಬಂದರೂ ಎಲ್ಲ ಒಂದೇ ಟಿಕೆಟ್‌ನಲ್ಲಿರಲಿ. ಒಂದು ತಪ್ಪಿದರೆ ಮುಂದಿನದಕ್ಕೆ ಅವರೇ ಹತ್ತಿಸುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ದೊಡ್ಡ ಲಗೇಜಿನಲ್ಲಿಡಿ, ಕೈಚೀಲದಲ್ಲಿ ಬಿಡದೇ ಇರಬಹುದು.

ಫೋನಿಗೂ ಹೊತ್ತು ನೋಡಿಕೊಳ್ಳಿ. ಚಳಿಗಾಲದಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೆ ಆಫೀಸಿನಲ್ಲಿರುತ್ತೀರಿ, ಅಲ್ಲಿ ಒಂಬತ್ತೂವರೆ, ಅಮ್ಮ ಮಲಗಿರುತ್ತಾರೆ. ನಾನು ಬೆಳಿಗ್ಗೆ ಏಳಕ್ಕೇ ಮಾಡುತ್ತೇನೆ. ಅಲ್ಲಿ ಆಗ ಹನ್ನೆರಡೂವರೆ, ಒಲೆ ಮೇಲೆ ಸಾರು ಕುದಿಯುವ ಸದ್ದೂ ಕೇಳಿಸುತ್ತದೆ.

ಅಮ್ಮನಿಗೆ ಕಿಲೋಮೀಟರ್ ಹೇಳಬೇಡಿ. ಇವತ್ತು ಬೆಳಿಗ್ಗೆ ಲಂಡನ್‌ನಲ್ಲಿ ಮನೆ ಬಿಟ್ಟರೆ ನಾಳೆ ರಾತ್ರಿ ಊಟಕ್ಕೆ ಬರುತ್ತೇನೆ ಅಂತ ಹೇಳಿ. ಮಧ್ಯಾಹ್ನಕ್ಕೇ ತಲುಪಿದರೆ ಇನ್ನೂ ಒಳ್ಳೆಯದು.