ಶಾಲೆಯ ಪ್ರಾಜೆಕ್ಟ್‌ಗೆ ಸೆನ್ಸರ್ ಅಲಾರಂ: ಆರ್ಡುಯಿನೊ ಇಲ್ಲದೆ ಮಾಡಬಹುದಾ?

ಒಂಬತ್ತನೇ ಕ್ಲಾಸಿನ ಮಗಳಿಗೆ ಸೆನ್ಸರ್ ಇರುವ ಅಲಾರಂ ಮಾಡಬೇಕು, ಆರ್ಡುಯಿನೊ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಕಲಿಯಲು ಟೈಮ್ ಇಲ್ಲ ಅಂತ ಕೇಳಿದ್ದೀರಿ. ಅದು ಬೇಡವೇ ಬೇಡ ಬಿಡಿ. ನೀರಿನ ಟ್ಯಾಂಕ್ ತುಂಬಿದಾಗ ಕೂಗುವ ಅಲಾರಂ ಮಾಡಿಸಿ. ಶಾಲೆಯಲ್ಲಿ ನಾನು ಮಾಡಿದ್ದೂ ಅದನ್ನೇ.

ಬೇಕಾಗುವುದು ಬಿ.ಸಿ. 547 ಟ್ರಾನ್ಸಿಸ್ಟರ್, 1 ಕಿಲೋ ಓಮ್ ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ, ಬಜರ್, ಸ್ವಲ್ಪ ವೈರು. ಅಂಗಡಿಯಲ್ಲಿ ಆಕ್ಟಿವ್ ಬಜರ್ ಅಂತಲೇ ಕೇಳಿ. ಇನ್ನೊಂದು ಥರದ್ದು ಬ್ಯಾಟರಿಗೆ ಕೊಟ್ಟರೆ ಟಕ್ ಅಂದು ಸುಮ್ಮನಾಗುತ್ತದೆ.

ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿಯಿರಿ. ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಜಾಸ್ತಿ ಜನ ಎಡವುವುದು ಇಲ್ಲೇ. ಬಜರಿನ ಕೆಂಪು ವೈರು ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕಲೆಕ್ಟರಿಗೆ. ಎಮಿಟರ್ ಮೈನಸ್‌ಗೆ. ಪ್ಲಸ್‌ನಿಂದಲೇ ಇನ್ನೊಂದು ವೈರು ನೀರಿಗೆ ಇಳಿಯಲಿ. ನೀರಿನಿಂದ ಬರುವ ಎರಡನೇ ವೈರು ರೆಸಿಸ್ಟರ್ ದಾಟಿ ಬೇಸಿಗೆ. ಎರಡು ತುದಿಗಳ ನಡುವೆ ಒಂದು ಸೆಂಟಿಮೀಟರ್ ಇದ್ದರೆ ಸಾಕು. ನೀರು ಎರಡನ್ನೂ ಮುಟ್ಟಿದಾಗ ಬೇಸಿಗೆ ಚೂರೇ ಚೂರು ಕರೆಂಟ್ ಹೋಗುತ್ತದೆ. ಆ ಚೂರಿಗೆ ಟ್ರಾನ್ಸಿಸ್ಟರ್ ದಾರಿ ಬಿಡುತ್ತದೆ, ಬಜರಿಗೆ ಅದರ ನೂರಾರು ಪಟ್ಟು ಕರೆಂಟ್ ಹರಿಯಬಹುದು. ಇಲ್ಲಿ ಸೆನ್ಸರ್ ಅಂದರೆ ಆ ಎರಡು ಬೋಳು ವೈರು, ಅಷ್ಟೇ!

ನನ್ನ ಕಥೆ ಕೇಳಿ. ಮನೆಯಲ್ಲಿ ಬೋರ್‌ವೆಲ್ ನೀರಿಗೆ ಕಿವಿ ಕಿತ್ತುಹೋಗುವಂತೆ ಕೂಗಿತ್ತು. ಪ್ರದರ್ಶನದ ದಿನ ಆರ್.ಒ. ಫಿಲ್ಟರ್ ನೀರಿನ ಬಾಟಲಿ ಒಯ್ದೆ. ಲೋಟಕ್ಕೆ ಸುರಿದರೆ ಸೊಳ್ಳೆ ಗುಂಯ್ ಅಂದ ಹಾಗೆ. ಮೇಷ್ಟ್ರು ಬರುವಷ್ಟರಲ್ಲಿ ಗೆಳೆಯನ ಊಟದ ಡಬ್ಬಿಯಿಂದ ಒಂದು ಚಿಟಿಕೆ ಉಪ್ಪು ಹಾಕಿದೆ. ಜೋರಾಗಿ ಕೂಗಿಕೊಂಡಿತು. ಕರೆಂಟ್ ಒಯ್ಯುವುದು ನೀರಿನಲ್ಲಿ ಕರಗಿದ ಉಪ್ಪು, ಲವಣ. ಆರ್.ಒ. ಫಿಲ್ಟರ್ ಅದನ್ನೇ ಬಹುಪಾಲು ತೆಗೆದುಹಾಕಿರುತ್ತದೆ ಅಲ್ವಾ? ಈ ಪ್ರಶ್ನೆ ಮಗಳಿಗೂ ಬರಬಹುದು, ಹೇಳಿಕೊಡಿ. ನಲ್ಲಿ ನೀರಿಗೂ ದನಿ ಸಣ್ಣಗಿದ್ದರೆ ಇನ್ನೊಂದು 547 ಸೇರಿಸಿ. ಮೊದಲನೆಯದರ ಎಮಿಟರ್ ಎರಡನೆಯದರ ಬೇಸಿಗೆ, ಎರಡನೆಯದರ ಎಮಿಟರ್ ಮೈನಸ್‌ಗೆ, ಎರಡರ ಕಲೆಕ್ಟರೂ ಒಟ್ಟಿಗೆ. ಇದಕ್ಕೆ ಡಾರ್ಲಿಂಗ್ಟನ್ ಜೋಡಿ ಅನ್ನುತ್ತಾರೆ.

ತಾಮ್ರದ ತುದಿ ನೀರಲ್ಲೇ ಇದ್ದರೆ ಹಸಿರುಗಟ್ಟುತ್ತದೆ. ತೋರಿಸಿ ಆದ ಮೇಲೆ ಎತ್ತಿಡಿ. ಮನೆಯ ಟ್ಯಾಂಕಿಗೇ ಹಾಕುವುದಾದರೆ ತುದಿಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಕಟ್ಟಿ.

ಇದು ಕೆಲಸ ಮಾಡಿದ ಕೂಡಲೇ, ಪಂಪ್ ತಾನೇ ಆಫ್ ಆಗುವ ಹಾಗೂ ಮಾಡೋಣ ಅಂತ ಅವಳು ಹೇಳುತ್ತಾಳೆ. 230 ವೋಲ್ಟಿನ ತಂಟೆ ಈಗ ಬೇಡ ಅನ್ನಿ.